ಲೆಡ್‌ವಿಲ್: ಗಾಳಿಗೆ ಬಾಡಿಗೆ ಕಟ್ಟುವ ಊರು

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಆರ್ಕನ್ಸಾ ನದಿ ಇನ್ನೂ ಹಳ್ಳದಷ್ಟೇ ಅಗಲ ಇರುವ ಕಡೆ, ಲೆಡ್‌ವಿಲ್ ಎಂಬ ಊರಿದೆ. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಯಿಂದ ಇನ್ನೂ ಸಾವಿರ ಮೀಟರಿಗೂ ಹೆಚ್ಚು ಮೇಲೇರಿದರೆ ಆ ಊರಿನ ಪೇಟೆಬೀದಿಯ ಮಟ್ಟ ಸಿಗುತ್ತದೆ. ಅಲ್ಲಿನ ಬೆಟ್ಟಗಳು ಶುರುವಾಗುವುದೇ ಅದರ ಮೇಲೆ. ಪಡುವಣಕ್ಕೆ ಸವಾಚ್ ಸಾಲು, ಅದರಲ್ಲಿ ರಾಕಿ ಪರ್ವತಗಳಲ್ಲೆಲ್ಲ ಎತ್ತರವಾದ 4,401 ಮೀಟರಿನ ಮೌಂಟ್ ಎಲ್ಬರ್ಟ್. ಮೂಡಣಕ್ಕೆ ಮಸ್ಕೀಟೊ ಸಾಲು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 2,633, ನಮ್ಮ ಎಷ್ಟೋ ಹೋಬಳಿ ಕೇಂದ್ರಗಳಿಗಿಂತ ಕಡಿಮೆ. ಆದರೂ ಮನುಷ್ಯನ ಉಸಿರು ಮತ್ತು ರಕ್ತದ ಬಗ್ಗೆ ಬರೆದ ಪ್ರಬಂಧಗಳನ್ನು ತಿರುವಿದರೆ ಈ ಪುಟ್ಟ ಊರಿನ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ.

ಇಷ್ಟು ಎತ್ತರದಲ್ಲಿ ಮನುಷ್ಯ ಎರಡು ಬಗೆಯಲ್ಲಿ ಬದುಕಬಲ್ಲ. ಟಿಬೆಟಿನವರ ಹಾಗೆ ಸಾವಿರಾರು ವರ್ಷ ಅಲ್ಲೇ ಇದ್ದು, ಮೈಯೇ ಬದಲಾಗಿ, ಆ ಗಾಳಿಯ ಒಕ್ಕಲಾಗುವುದು ಒಂದು ಬಗೆ. ನೆಲದೊಳಗಿನ ಯಾವುದೋ ವಸ್ತುವಿನ ಆಸೆಗೆ ನಿನ್ನೆ ಮೊನ್ನೆ ಬಂದು, ಉಸಿರಾಡುವ ಗಾಳಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಇನ್ನೊಂದು. ಲೆಡ್‌ವಿಲ್ ಎರಡನೆಯ ಬಗೆಯ ಊರು. ಅಲ್ಲಿ ಹುಟ್ಟಿದ ಮಗುವಿನ ಮುತ್ತಜ್ಜನೂ ಅಲ್ಲೇ ಹುಟ್ಟಿದ್ದಿರಬಹುದು; ಮಗು ಮಾತ್ರ ಬಾಡಿಗೆದಾರನೇ.

ಅಲ್ಲಿ ಊರು ಏಕೆ ಬಂತು ಎಂಬುದನ್ನು ಮೊದಲು ಮುಗಿಸೋಣ. ಯೂಟ್ ಎಂಬ ಮೂಲನಿವಾಸಿಗಳು ಬೇಸಿಗೆಯಲ್ಲಿ ಬೇಟೆಗಾಗಿ ಇಂಥ ಎತ್ತರದ ಕಣಿವೆಗಳಿಗೆ ಬಂದು, ಹಿಮ ಕವಿಯುವ ಮುಂಚೆ ಇಳಿದುಹೋಗುತ್ತಿದ್ದರು. ಈ ಎತ್ತರದ ಬಗ್ಗೆ ಯಾರಾದರೂ ಮಾಡಿದ ಅತಿ ಜಾಣ ಏರ್ಪಾಡು ಅದೇ ಎಂದು ನನ್ನ ಎಣಿಕೆ. 1860ರಲ್ಲಿ ಏಬ್ ಲೀ ಎಂಬವನ ತಂಡಕ್ಕೆ ಕ್ಯಾಲಿಫೋರ್ನಿಯಾ ಗಲ್ಚ್ ಎಂಬ ಕೊರಕಲಿನ ಮರಳಿನಲ್ಲಿ ಚಿನ್ನದ ಕಣ ಸಿಕ್ಕಿತು. ಸಾವಿರಾರು ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಮರಳು ಬರಿದಾಯಿತು, ಬಂದವರು ಹೋದರು. ಯೂಟರಲ್ಲಿ ಹೆಚ್ಚಿನವರನ್ನು 1881ರ ಹೊತ್ತಿಗೆ ಸರ್ಕಾರ ಯೂಟಾದ ಕಡೆಗೆ ಅಟ್ಟಿಬಿಟ್ಟಿತು.

ಮರಳು ತೊಳೆಯುತ್ತ ಉಳಿದವರ ತಕರಾರೆಲ್ಲ ಒಂದು ಕರಿಮಣ್ಣಿನ ಮೇಲೆ. ವಿಪರೀತ ಭಾರದ ಆ ಮಣ್ಣು ಚಿನ್ನ ತೊಳೆಯುವ ಮರದ ಕಾಲುವೆಗಳ ತಳ ಹಿಡಿದು ಕೂರುತ್ತಿತ್ತು. ಅದನ್ನು ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕುವುದೇ ದೊಡ್ಡ ಕೆಲಸ. 1870ರ ದಶಕದ ನಡುವೆ ವಿಲಿಯಂ ಸ್ಟೀವನ್ಸ್ ಮತ್ತು ಲೋಹವಿದ್ಯೆ ಬಲ್ಲ ಆಲ್ವಿನಸ್ ವುಡ್ ಅದನ್ನು ಪರೀಕ್ಷೆಗೆ ಹಾಕಿದರು. ಅದು ಸೀಸದ ಕಾರ್ಬೊನೇಟ್ ಆಗಿತ್ತು, ಒಳಗೆ ಬೆಳ್ಳಿ ಇತ್ತು. ಇಷ್ಟು ವರ್ಷ ಜನ ಬೆಳ್ಳಿಯನ್ನೇ ಬಳಿದು ದಂಡೆಗೆ ಎಸೆಯುತ್ತಿದ್ದರು.

ಈ ಅದಿರು ಅಲ್ಲಿಗೆ ಬಂದದ್ದು ಹೀಗೆ. ಸುಮಾರು 34 ಕೋಟಿ ವರ್ಷದ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಸುಣ್ಣಕಲ್ಲಿನ ಪದರಕ್ಕೆ ಭೂವಿಜ್ಞಾನಿಗಳು ಊರಿನ ಹೆಸರನ್ನೇ ಇಟ್ಟಿದ್ದಾರೆ. ರಾಕಿ ಪರ್ವತಗಳು ಏಳುತ್ತಿದ್ದ ಕಾಲದಲ್ಲೂ ಆಮೇಲೂ ಕೆಳಗಿನಿಂದ ಶಿಲಾಪಾಕ ನುಗ್ಗಿತು. ಸುಮಾರು 4 ಕೋಟಿ ವರ್ಷದ ಹಿಂದೆ ಸೀಸ, ಸತು, ಕಬ್ಬಿಣ, ಬೆಳ್ಳಿ, ಗಂಧಕಗಳನ್ನು ಕರಗಿಸಿಕೊಂಡ ಬಿಸಿನೀರು ಬಿರುಕುಗಳಲ್ಲಿ ಹರಿಯಿತು. ಇಂಥ ನೀರಿಗೆ ಸುಣ್ಣಕಲ್ಲು ಸುಲಭದ ತುತ್ತು: ಕಲ್ಲು ಕರಗಿದ ಜಾಗದಲ್ಲೇ ಲೋಹಗಳ ಸಲ್ಫೈಡ್ ಬಂದು ಕೂತಿತು. ಆಮೇಲೆ ಮೇಲಿನಿಂದ ಮಳೆನೀರೂ ಗಾಳಿಯೂ ಇಳಿದು ಮೇಲ್ಪದರದ ಸೀಸದ ಸಲ್ಫೈಡನ್ನು ಕಾರ್ಬೊನೇಟ್ ಮಾಡಿತು. ಸಲ್ಫೈಡ್ ಅದಿರನ್ನು ಮೊದಲು ಹುರಿದು ಗಂಧಕ ಓಡಿಸಬೇಕು. ಕಾರ್ಬೊನೇಟಿಗೆ ಆ ರಗಳೆ ಇಲ್ಲ. ಇದ್ದಿಲಿನ ಜೊತೆ ಕುಲುಮೆಗೆ ಹಾಕಿದರೆ ಸೀಸ ಇಳಿದುಬರುತ್ತದೆ, ಬೆಳ್ಳಿಯನ್ನೂ ಹೊತ್ತು ತರುತ್ತದೆ. ಸುತ್ತಲಿನ ಕಾಡು ಇದ್ದಿಲಾಗಿ, ಗಣಿಯ ಊರುಗೋಲಾಗಿ ಮುಗಿಯಿತು. ಈ ಕಾರ್ಬೊನೇಟನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಲಿ, ಮಕ್ಕಳ ಹೊಟ್ಟೆಯ ವಿಷಯ ಬಂದಾಗ ಬೇಕಾಗುತ್ತದೆ.

1880ರ ಜನಗಣತಿಯ ಹೊತ್ತಿಗೆ ಊರಿನಲ್ಲಿ 14,820 ಜನ. ಸ್ಯಾಮ್ಯುಯೆಲ್ ಎಮನ್ಸ್ ಎಂಬ ಸರ್ಕಾರಿ ಭೂವಿಜ್ಞಾನಿ 1886ರಲ್ಲಿ ಹೊರತಂದ ಲೆಡ್‌ವಿಲ್ ವರದಿ ಗಣಿಗಾರರಿಗೆ ವೇದವಾಯಿತು. ಕಿರಾಣಿ ಅಂಗಡಿಯ ಹೊರೇಸ್ ಟೇಬರ್ ಇಬ್ಬರು ಜರ್ಮನ್ ಅದಿರುಬೇಟೆಗಾರರಿಗೆ ದಿನಸಿ ಕೊಟ್ಟು, ಸಿಕ್ಕಿದ್ದರಲ್ಲಿ ಪಾಲು ಪಡೆದು ಕೋಟ್ಯಧಿಪತಿಯಾದ. 1893ರಲ್ಲಿ ಅಮೆರಿಕ ಸರ್ಕಾರ ಬೆಳ್ಳಿ ಕೊಳ್ಳುವ ಕಾಯ್ದೆಯನ್ನು ರದ್ದು ಮಾಡಿ, ಬೆಲೆ ಕುಸಿದು, ಅವನೂ ಊರೂ ಒಟ್ಟಿಗೇ ಬಿದ್ದರು. ಪ್ರವಾಸಿಗಳನ್ನು ಕರೆಯಲು 1896ರ ಜನವರಿಯಲ್ಲಿ ಮಂಜುಗಡ್ಡೆಯದೇ ಒಂದು ಅರಮನೆ ಕಟ್ಟಿ ತೆರೆದರು. ಮಾರ್ಚ್ ಮುಗಿಯುವಷ್ಟರಲ್ಲಿ ಅದೂ ಮುಚ್ಚಿತು. ಇಂಥ ಕಥೆಗಳು ಲೆಡ್‌ವಿಲ್ ಬಗ್ಗೆ ರಾಶಿ ಇವೆ. ನನ್ನ ಕುತೂಹಲ ಇರುವುದು ಆ ಜನರ ರಕ್ತದ ಮೇಲೆ.

ಎತ್ತರದಲ್ಲಿ ಆಮ್ಲಜನಕ ಕಡಿಮೆ ಎನ್ನುವುದು ಅರ್ಧ ನಿಜ. ಗಾಳಿಯಲ್ಲಿ ಅದರ ಪಾಲು ಮಂಗಳೂರಿನಲ್ಲೂ ಶೇ. 21, ಲೆಡ್‌ವಿಲ್‌ನಲ್ಲೂ ಶೇ. 21. ಕಡಿಮೆಯಾಗುವುದು ಒತ್ತಡ. ಕಡಲತಡಿಯಲ್ಲಿ ವಾಯುಭಾರ 760 ಮಿಲಿಮೀಟರ್ ಪಾದರಸ, ಲೆಡ್‌ವಿಲ್‌ನಲ್ಲಿ ಸುಮಾರು 525. ನೀರು 90 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಕಾಳು ಬೇಯಿಸುವುದು ಸಾಹಸ. ಆದರೆ ಅಡುಗೆಮನೆಗಿಂತ ಶ್ವಾಸಕೋಶದ ಲೆಕ್ಕ ಬಿಗಿ. ಒಳಗೆ ಎಳೆದುಕೊಂಡ ಗಾಳಿ ಶ್ವಾಸನಾಳದಲ್ಲಿ ಮೈಬಿಸಿಗೆ ಬಂದು ತೇವವಾಗುತ್ತದೆ. ಆ ನೀರಾವಿ 47 ಮಿಲಿಮೀಟರ್ ಒತ್ತಡವನ್ನು ತನ್ನದಾಗಿಸಿಕೊಳ್ಳುತ್ತದೆ. ಎತ್ತರ ಎಷ್ಟೇ ಇರಲಿ, 47 ಎಂದರೆ 47, ಏಕೆಂದರೆ ಅದು ಮೈಯ ಬಿಸಿಯನ್ನು ಮಾತ್ರ ಅವಲಂಬಿಸಿದೆ. ಉಳಿದದ್ದರಲ್ಲಿ ಆಮ್ಲಜನಕದ ಪಾಲು ತೆಗೆದರೆ ಕಡಲತಡಿಯಲ್ಲಿ ಸುಮಾರು 150, ಲೆಡ್‌ವಿಲ್‌ನಲ್ಲಿ 100. ಶ್ವಾಸಕೋಶದ ಗಾಳಿಗೂಡುಗಳಲ್ಲಿ ರಕ್ತದಿಂದ ಹೊರಬಂದ ಇಂಗಾಲದ ಡೈಆಕ್ಸೈಡೂ ಜಾಗ ಕೇಳುತ್ತದೆ. ಅದೆಲ್ಲ ಕಳೆದು ರಕ್ತದ ಬಾಗಿಲಿಗೆ ತಲುಪುವುದು ಕಡಲತಡಿಯಲ್ಲಿ 100, ಇಲ್ಲಿ 60ರ ಆಸುಪಾಸು.

ಅರವತ್ತು ಎಂದರೆ ಗಾಬರಿಯಾಗಬೇಕಿಲ್ಲ. ಹಿಮೊಗ್ಲೋಬಿನ್ನಿನ ಗುಣ ವಿಚಿತ್ರ: ಒತ್ತಡ 100ರಿಂದ 60ಕ್ಕೆ ಇಳಿದರೂ ಅದು ಹೊರುವ ಆಮ್ಲಜನಕ ಶೇ. 97ರಿಂದ 90ರವರೆಗೆ ಮಾತ್ರ ಇಳಿಯುತ್ತದೆ. ಅಲ್ಲಿಂದ ಕೆಳಗೆ ಗೆರೆ ಕಡಿದಾಗಿ ಬೀಳುತ್ತದೆ. ಲೆಡ್‌ವಿಲ್ ನಿಂತಿರುವುದು ಸರಿಯಾಗಿ ಆ ಅಂಚಿನ ಮೇಲೆ. ಸುಮ್ಮನೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ನಿದ್ದೆಯಲ್ಲಿ ಉಸಿರು ಕೊಂಚ ನಿಧಾನವಾದರೆ, ನೆಗಡಿ ಎದೆಗಿಳಿದರೆ, ಹೊಟ್ಟೆಯಲ್ಲೊಂದು ಮಗು ಬೆಳೆಯುತ್ತಿದ್ದರೆ ಅಂಚು ಎಷ್ಟು ಹತ್ತಿರವಿತ್ತೆಂದು ತಿಳಿಯುತ್ತದೆ. ಇನ್ನೂ ಎತ್ತರದ ಊರುಗಳು ಆಂಡೀಸ್‌ನಲ್ಲಿವೆ, ಆದರೆ ಡೆನ್ವರಿನ ವೈದ್ಯಕೀಯ ಕಾಲೇಜಿನಿಂದ ಕಾರಿನಲ್ಲಿ ಎರಡು ಗಂಟೆಗೆ ಸಿಗುವ ಅಂಚು ಇದು. ಸಂಶೋಧಕರಿಗೆ ಊರು ಇಷ್ಟವಾದದ್ದು ಅದಕ್ಕೇ.

ಹೊಸದಾಗಿ ಬಂದವರ ಮೈ ಮೊದಲು ಮಾಡುವುದು ಹೆಚ್ಚು ಉಸಿರಾಡುವ ಕೆಲಸ. ಕುತ್ತಿಗೆಯ ಎರಡೂ ಬದಿ, ಮಿದುಳಿಗೆ ಹೋಗುವ ರಕ್ತನಾಳದ ಕವಲಿನಲ್ಲಿ ಅಕ್ಕಿಕಾಳಿನಷ್ಟಿರುವ ಅಂಗವೊಂದು ಆಮ್ಲಜನಕ ಇಳಿದದ್ದನ್ನು ಗಮನಿಸಿ ಉಸಿರಾಟವನ್ನು ಚುರುಕುಗೊಳಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೊರದಬ್ಬಿದಷ್ಟೂ ಗಾಳಿಗೂಡಿನಲ್ಲಿ ಆಮ್ಲಜನಕಕ್ಕೆ ಜಾಗವಾಗುತ್ತದೆ. ಆದರೆ ಹಾಗೆ ಮಾಡಿದರೆ ರಕ್ತ ಕ್ಷಾರೀಯವಾಗುತ್ತದೆ, ಮಿದುಳು ಉಸಿರನ್ನು ತಡೆಯಲು ನೋಡುತ್ತದೆ. ಮೊದಲ ರಾತ್ರಿಗಳಲ್ಲಿ ಉಸಿರು ನಿಂತು ನಿಂತು ಹೋಗುವುದು, ಬೆಚ್ಚಿ ಏಳುವುದು ಈ ಜಗ್ಗಾಟದಿಂದ. ಕೆಲವು ದಿನಗಳಲ್ಲಿ ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಿ ರಾಜಿ ಮಾಡಿಸುತ್ತವೆ.

ಇದು ತಾತ್ಕಾಲಿಕವೋ ಕಾಯಮ್ಮೋ? ಅದಕ್ಕೆ ಉತ್ತರ ಕೊಟ್ಟದ್ದು ಒಬ್ಬ ಹೆಣ್ಣುಮಗಳು. 1911ರ ಬೇಸಿಗೆಯಲ್ಲಿ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರದ ಮೇಲೆ ಐದು ವಾರ ತಂಗಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ತಂಡದ ಮೇಬಲ್ ಫಿಟ್ಜ್‌ಜೆರಾಲ್ಡ್ ಶಿಖರದಲ್ಲಿ ತಂಗಲಿಲ್ಲ. ಗಂಡಸರ ನಡುವೆ ಹೆಣ್ಣೊಬ್ಬಳು ಅಲ್ಲಿ ಉಳಿಯುವುದು ಆ ಕಾಲದ ರೀತಿಗೆ ಒಗ್ಗುತ್ತಿರಲಿಲ್ಲ. ಆಕೆ ಉಪಕರಣಗಳನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಕೊಲೊರಾಡೊದ ಗಣಿ ಊರುಗಳನ್ನು ಸುತ್ತಿ, ಅಲ್ಲಿ ವರ್ಷಗಟ್ಟಲೆ ನೆಲೆಸಿದ್ದವರ ಉಸಿರನ್ನೂ ರಕ್ತವನ್ನೂ ಅಳೆದರು. ವಾಯುಭಾರ 100 ಮಿಲಿಮೀಟರ್ ಇಳಿದರೆ ಹಿಮೊಗ್ಲೋಬಿನ್ ಸುಮಾರು ಶೇ. 10 ಏರುತ್ತದೆ, ಹೆಚ್ಚಿದ ಉಸಿರಾಟ ವರ್ಷಗಳಾದರೂ ಹಾಗೇ ಇರುತ್ತದೆ. ಶಿಖರದ ಮೇಲಿನವರ ಐದು ವಾರದ ಕಷ್ಟಕ್ಕಿಂತ ಈ ತಿರುಗಾಟವೇ ಹೆಚ್ಚು ಕಾಲ ಬಾಳಿದ ವಿಜ್ಞಾನ ಎಂದು ನಾನು ಹೇಳುತ್ತೇನೆ. ಆಕ್ಸ್‌ಫರ್ಡಿನಲ್ಲಿ ಹೆಣ್ಣುಮಕ್ಕಳಿಗೆ ಪದವಿ ಕೊಡದ ಕಾಲದಲ್ಲಿ ಕಲಿತ ಆಕೆಗೆ ಆ ವಿಶ್ವವಿದ್ಯಾಲಯ ಗೌರವ ಎಂ.ಎ. ಕೊಟ್ಟದ್ದು 1972ರಲ್ಲಿ, ನೂರು ವರ್ಷ ತುಂಬಿದಾಗ.

ಹಿಮೊಗ್ಲೋಬಿನ್ ಏರುವುದು ಮೂತ್ರಪಿಂಡದಿಂದ. ಆಮ್ಲಜನಕ ಇಳಿದಾಗ ಜೀವಕೋಶದಲ್ಲಿ ಸಾಮಾನ್ಯವಾಗಿ ನಾಶವಾಗುತ್ತಿದ್ದ ಒಂದು ಪ್ರೋಟೀನು ಉಳಿದುಕೊಂಡು, ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ತಯಾರಿಸಲು ಹೇಳುತ್ತದೆ. ಅದು ಮೂಳೆಮಜ್ಜೆಗೆ ಹೋಗಿ ಕೆಂಪುಕಣ ಹುಟ್ಟಿಸುತ್ತದೆ. ಈ ಸಂಕೇತದ ಜಾಡನ್ನು ಬಿಡಿಸಿದ ವಿಲಿಯಂ ಕೆಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಕೆಂಪುಕಣ ಹೆಚ್ಚಿದರೆ ಒಳ್ಳೆಯದೇ ಅಲ್ಲವೇ ಎಂದು ಅನಿಸುತ್ತದೆ. ಒಂದು ಮಿತಿಯವರೆಗೆ ಹೌದು. ಮಿತಿ ಮೀರಿದರೆ ರಕ್ತ ಮಂದವಾಗಿ, ತುಟಿ ನೀಲಿಗಟ್ಟಿ, ತಲೆನೋವು, ಮಂಪರು ಶುರುವಾಗುತ್ತವೆ. ಪೆರುವಿನ ಕಾರ್ಲೋಸ್ ಮೊಂಗೆ 1920ರ ದಶಕದಲ್ಲಿ ವಿವರಿಸಿದ ಈ ಕಾಯಿಲೆ ವರ್ಷಗಟ್ಟಲೆ ಎತ್ತರದಲ್ಲಿದ್ದವರನ್ನು ಹಿಡಿಯುತ್ತದೆ. ಆಗಾಗ ರಕ್ತ ತೆಗೆಸಿಕೊಂಡರೆ ಸ್ವಲ್ಪ ದಿನ ಹಗುರ. ನಿಜವಾದ ಮದ್ದು ತಗ್ಗಿಗೆ ಇಳಿಯುವುದು.

ಬಾಡಿಗೆಯ ಇನ್ನೊಂದು ಕಂತು ಎದೆಯೊಳಗೆ. ಇದು ಮೊದಲು ಗೊತ್ತಾದದ್ದು ದನಗಳಿಂದ. ಕೊಲೊರಾಡೊದ ಎತ್ತರದ ಹುಲ್ಲುಗಾವಲುಗಳಿಗೆ ಹೊಡೆದ ಕೆಲವು ದನಗಳ ಗಂಗೆದೊಗಲೂ ಎದೆಯೂ ನೀರು ತುಂಬಿ ಊದಿಕೊಂಡು ಅವು ಸಾಯುತ್ತಿದ್ದವು. ಗ್ಲೋವರ್ ಮತ್ತು ನ್ಯೂಸಮ್ ಎಂಬ ಪಶುವೈದ್ಯರು 1915ರಲ್ಲೇ ಇದು ಎತ್ತರದಿಂದ ಹೃದಯ ಸೋಲುವ ಕಾಯಿಲೆ ಎಂದಿದ್ದರು. ಕಾರಣದ ಎಳೆ ಸಿಕ್ಕಿದ್ದು 1946ರಲ್ಲಿ, ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಅವರಿಂದ: ಶ್ವಾಸಕೋಶದ ಯಾವ ಭಾಗಕ್ಕೆ ಆಮ್ಲಜನಕ ಸಾಲದೋ ಅಲ್ಲಿನ ರಕ್ತನಾಳ ಮುದುಡಿಕೊಳ್ಳುತ್ತದೆ. ತಗ್ಗಿನಲ್ಲಿ ಇದು ಜಾಣತನ. ಕಫ ಕಟ್ಟಿದ ಮೂಲೆಗೆ ರಕ್ತ ಕಳಿಸುವುದು ದಂಡ, ಚೆನ್ನಾಗಿರುವ ಕಡೆಗೆ ತಿರುಗಿಸಬೇಕು. ಎತ್ತರದಲ್ಲಿ ಇಡೀ ಶ್ವಾಸಕೋಶಕ್ಕೇ ಆಮ್ಲಜನಕ ಸಾಲದು, ಎಲ್ಲ ನಾಳಗಳೂ ಒಟ್ಟಿಗೆ ಮುದುಡುತ್ತವೆ, ಹೃದಯದ ಬಲಭಾಗ ಗೋಡೆಗೆ ನೀರು ಒತ್ತಿದಂತೆ ಏಗಬೇಕಾಗುತ್ತದೆ.

ಮನುಷ್ಯರಲ್ಲಿ? ಡೆನ್ವರಿನ ಜಾನ್ ವೋಗೆಲ್, ರಾಬರ್ಟ್ ಗ್ರೋವರ್ ಮತ್ತಿತರರು 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಡ್‌ವಿಲ್‌ನ ಆರೋಗ್ಯವಂತರ ಹೃದಯಕ್ಕೆ ಸಣ್ಣ ಕೊಳವೆ ಇಳಿಸಿ ಶ್ವಾಸಕೋಶದ ರಕ್ತದೊತ್ತಡ ಅಳೆದಿದ್ದರು. ಸುಮ್ಮನಿದ್ದಾಗಲೇ ಅದು ತಗ್ಗಿನವರಿಗಿಂತ ಹೆಚ್ಚು. ವ್ಯಾಯಾಮ ಮಾಡಿಸಿದರೆ ಇನ್ನೂ ಬಹಳ ಏರುತ್ತಿತ್ತು. ಕಾಯಿಲೆ ಇಲ್ಲದವರಲ್ಲೂ ಹೀಗೆ ಎಂಬುದು ಆಗ ಹೊಸ ಮಾತು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ರಜೆ ಮುಗಿಸಿ ಬಂದ ಮಕ್ಕಳ ಕಥೆ. ಎತ್ತರಕ್ಕೆ ಹೋದವರ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವನ್ನು ಚಾರ್ಲ್ಸ್ ಹ್ಯೂಸ್ಟನ್ ಎಂಬ ವೈದ್ಯರು 1960ರಲ್ಲಿ ಅಮೆರಿಕದ ವೈದ್ಯರ ಗಮನಕ್ಕೆ ತಂದರು; ಅವರು ಆಗ ಇದ್ದದ್ದು ಸವಾಚ್ ಸಾಲಿನ ಆಚೆಬದಿಯ ಆಸ್ಪೆನ್ನಿನಲ್ಲಿ. ಅದು ಪರಊರಿನ ಚಾರಣಿಗರ, ಸ್ಕೀ ಆಡುವವರ ಕಾಯಿಲೆ ಎಂದುಕೊಳ್ಳುವುದು ಸಹಜ. ಆದರೆ 1977ರಲ್ಲಿ ಬಂದ ಲೇಖನವೊಂದು ಲೆಡ್‌ವಿಲ್‌ನದೇ ಮಕ್ಕಳ ಮೇಲೆ. ಅಲ್ಲೇ ಬೆಳೆದವರು, ತಗ್ಗಿನ ನೆಂಟರ ಮನೆಗೆ ಹೋಗಿ ಕೆಲವು ದಿನ ಇದ್ದು ಮರಳುತ್ತಾರೆ, ಒಂದೆರಡು ದಿನಗಳಲ್ಲಿ ಎದೆ ಗೊರಗೊರ ಎನ್ನುತ್ತದೆ. ವರ್ಷಗಟ್ಟಲೆ ಕಟ್ಟಿದ ಬಾಡಿಗೆ ಅಷ್ಟು ಬೇಗ ಲೆಕ್ಕಕ್ಕಿಲ್ಲದಾಯಿತು. ಹುಟ್ಟೂರಿಗೆ ಮರಳಿದ್ದೇ ಕಾಯಿಲೆಗೆ ಕಾರಣವಾಗುವ ಊರು ನನಗೆ ಗೊತ್ತಿರುವುದು ಇಂಥವೇ.

ಓಟಗಾರರ ವಿಷಯ ಚಿಕ್ಕದು. 1968ರ ಒಲಿಂಪಿಕ್ಸ್ 2,240 ಮೀಟರ್ ಎತ್ತರದ ಮೆಕ್ಸಿಕೊ ಸಿಟಿಯಲ್ಲಿ ಎಂದಾದಾಗ ಎತ್ತರದಲ್ಲಿ ಬೆಳೆದವರಿಗೆ ಲಾಭ ಇದೆಯೇ ಎಂಬ ಪ್ರಶ್ನೆ ಎಲ್ಲರಿಗೂ ಬಂತು. ಗ್ರೋವರ್ ತಂಡ ಲೆಡ್‌ವಿಲ್ ಹೈಸ್ಕೂಲಿನ ಓಟಗಾರರನ್ನೂ ಕೆಂಟಕಿಯ ಲೆಕ್ಸಿಂಗ್ಟನ್ ಎಂಬ ತಗ್ಗಿನ ಊರಿನ ಓಟಗಾರರನ್ನೂ ಎರಡೂ ಊರಿನಲ್ಲಿ ಪರೀಕ್ಷಿಸಿತು. ಎತ್ತರದಲ್ಲಿ ಎರಡೂ ತಂಡದವರ ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕ ತಗ್ಗಿನಲ್ಲಿದ್ದುದಕ್ಕಿಂತ ಕಾಲುಭಾಗದಷ್ಟು ಕಡಿಮೆ. ಹುಟ್ಟಿ ಬೆಳೆದದ್ದು ಅಲ್ಲೇ ಎಂದು ರಿಯಾಯಿತಿ ಏನೂ ಇಲ್ಲ.

ಈಗ ಹೊಟ್ಟೆಯೊಳಗಿನ ಮಗು. 1950ರ ದಶಕದವರೆಗೆ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಶಿಶು ಎಂದರೆ ತಿಂಗಳು ತುಂಬದೆ ಹುಟ್ಟಿದ್ದು ಎಂದೇ ವೈದ್ಯರ ಲೆಕ್ಕ. ತೂಕವೇ ಅಳತೆಗೋಲು. ಆ ಲೆಕ್ಕದಲ್ಲಿ ಲೆಡ್‌ವಿಲ್ ಅಕಾಲ ಹೆರಿಗೆಗಳ ಊರಾಗಿ ಕಾಣುತ್ತಿತ್ತು. ಜಾನ್ ಲಿಕ್ಟಿ ಮತ್ತು ಜೊತೆಗಾರರು 1957ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕೆದಕಿತು. ಅನೇಕ ಶಿಶುಗಳಿಗೆ ತಿಂಗಳು ತುಂಬಿತ್ತು. ಬೆಳವಣಿಗೆ ಮಾತ್ರ ಕುಂಠಿತವಾಗಿತ್ತು. ಬೇಗ ಹುಟ್ಟುವುದು ಬೇರೆ, ಸಣ್ಣದಾಗಿ ಹುಟ್ಟುವುದು ಬೇರೆ ಎಂದು ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ವಿಂಗಡಿಸುವುದರ ಬೇರು ಹುಡುಕುತ್ತ ಹೋದರೆ ಒಂದು ಎಳೆ ಈ ಗಣಿ ಊರಿಗೆ ಬಂದು ಮುಟ್ಟುತ್ತದೆ. ಬೆಳ್ಳಿಗಿಂತ ಇದನ್ನೇ ನಾನು ಲೆಡ್‌ವಿಲ್‌ನ ದೊಡ್ಡ ಉತ್ಪನ್ನ ಎನ್ನುತ್ತೇನೆ.

ಆಮೇಲೆ ಲೋರ್ನಾ ಮೂರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದೇ ಪ್ರಶ್ನೆಯ ಹಿಂದೆ ದಶಕಗಟ್ಟಲೆ ನಡೆದರು. ಕೊಲೊರಾಡೊದಲ್ಲಿ ಪ್ರತಿ 1,000 ಮೀಟರ್ ಎತ್ತರಕ್ಕೆ ಶಿಶುವಿನ ತೂಕ ಸುಮಾರು 100 ಗ್ರಾಂ ಇಳಿಯುತ್ತದೆ. ಬಸುರಿಯಲ್ಲಿ ಗರ್ಭಕೋಶದ ರಕ್ತನಾಳಗಳು ಹಿಗ್ಗಿ ಮಾಸಿಗೆ ರಕ್ತ ಹೆಚ್ಚು ಹರಿಯಬೇಕು. ಎತ್ತರದಲ್ಲಿ ಆ ಹಿಗ್ಗುವಿಕೆ ಸಾಕಷ್ಟು ಆಗುವುದಿಲ್ಲ. ಬಸುರಿನಲ್ಲಿ ರಕ್ತದೊತ್ತಡ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ಕಾಯಿಲೆಯೂ ಡೆನ್ವರಿಗಿಂತ ಲೆಡ್‌ವಿಲ್‌ನಲ್ಲಿ ಹಲವು ಪಟ್ಟು ಹೆಚ್ಚು ಕಂಡಿತು. ತಾಯಿ ಎಷ್ಟು ವರ್ಷದಿಂದ ಅಲ್ಲಿದ್ದಾಳೆ ಎಂಬುದಕ್ಕಿಂತ ಅವಳ ಪೂರ್ವಿಕರು ಎಷ್ಟು ಸಾವಿರ ವರ್ಷ ಎತ್ತರದಲ್ಲಿದ್ದರು ಎಂಬುದೇ ಮಗುವಿನ ತೂಕ ಕಾಯುತ್ತದೆ. ಟಿಬೆಟಿನ ತಾಯಂದಿರ ಮಕ್ಕಳಲ್ಲಿ ಈ ಇಳಿಕೆ ಬಹಳ ಕಡಿಮೆ.

ಇಲ್ಲೊಂದು ಕಾಕತಾಳೀಯವಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆ ಪರ್ವತ ಯುದ್ಧದ ತರಬೇತಿಗೆಂದು ಲೆಡ್‌ವಿಲ್‌ನ ಬಡಗಣಕ್ಕೆ ಕ್ಯಾಂಪ್ ಹೇಲ್ ಕಟ್ಟಿತ್ತು. 1950ರ ದಶಕದ ಕೊನೆಯಿಂದ 1964ರವರೆಗೆ ಅದೇ ಜಾಗದಲ್ಲಿ ಸಿಐಎ ಟಿಬೆಟಿನ ಯೋಧರಿಗೆ ಗುಟ್ಟಾಗಿ ತರಬೇತಿ ಕೊಡುತ್ತಿತ್ತು. ಎತ್ತರ ಅವರ ನಾಡಿಗೆ ಹತ್ತಿರವೆಂಬುದೂ ಒಂದು ಕಾರಣ. ಅಂದರೆ ಗ್ರೋವರ್ ತಂಡ ಲೆಡ್‌ವಿಲ್‌ನಲ್ಲಿ ಹೃದಯಕ್ಕೆ ಕೊಳವೆ ಇಳಿಸುತ್ತಿದ್ದ ವರ್ಷಗಳಲ್ಲೇ, ಗುಡ್ಡದ ಆಚೆ, ಅವರ ಪ್ರಶ್ನೆಯ ಉತ್ತರವನ್ನು ರಕ್ತದಲ್ಲಿ ಹೊತ್ತ ಜನ ಬೇಲಿಯೊಳಗೆ ಬಂದೂಕು ಹಿಡಿಯುವುದನ್ನು ಕಲಿಯುತ್ತಿದ್ದರು. ಆ ಉತ್ತರ ಹೊರಬಂದದ್ದು 2010ರಲ್ಲಿ. ಟಿಬೆಟಿನ ಹೆಚ್ಚಿನವರಲ್ಲಿ ಇಪಿಎಎಸ್1 ಎಂಬ ಜೀನು ಬೇರೆ ಬಗೆಯದು. ಆಮ್ಲಜನಕ ಇಳಿದಾಗ ಕೆಂಪುಕಣ ಹೆಚ್ಚಿಸು ಎಂದು ಕೂಗುವ ಸಂಕೇತವನ್ನು ಅದು ತಗ್ಗಿಸುತ್ತದೆ. ಹಾಗಾಗಿ ಅವರ ರಕ್ತ ಮಂದವಾಗುವುದಿಲ್ಲ. ಲೆಡ್‌ವಿಲ್‌ನವರ ಮೈ ಮಾಡುವುದರ ತಿರುವುಮುರುವು. ಈ ಬಗೆಯ ಜೀನು ಡೆನಿಸೋವನ್ ಎಂಬ ಅಳಿದುಹೋದ ಮಾನವರಿಂದ ಬಂದದ್ದೆಂದು 2014ರಲ್ಲಿ ಗೊತ್ತಾಯಿತು. 1961ರಲ್ಲಿ ನಮ್ಮ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟಿಗರೂ ಅವರ ಮಕ್ಕಳು ಮೊಮ್ಮಕ್ಕಳೂ ಸಾವಿರ ಮೀಟರಿಗೂ ತಗ್ಗಿನ ಮೆಕ್ಕೆಜೋಳದ ಹೊಲಗಳ ನಡುವೆ ಇದೇ ಪಿತ್ರಾರ್ಜಿತವನ್ನು ಹೊತ್ತಿದ್ದಾರೆ, ಸದ್ಯಕ್ಕೆ ಕೆಲಸವಿಲ್ಲದೆ.

ಲೆಡ್‌ವಿಲ್‌ಗೆ ಇರುವುದು ನೂರೈವತ್ತು ವರ್ಷ, ಏಳೆಂಟು ತಲೆಮಾರು ಆದರೆ ಹೆಚ್ಚು. ಅದರಲ್ಲೂ ಜನ ಬರುತ್ತಾ ಹೋಗುತ್ತಾ ಇದ್ದಾರೆ. ಆಯ್ಕೆ ಕೆಲಸ ಮಾಡಲು ಇದು ಸಾಲುವುದಿಲ್ಲ.

ತೆಳುಗಾಳಿ ಎಲ್ಲರಿಗೂ ಕೆಟ್ಟದ್ದಲ್ಲ. ಊರಿನಿಂದ ಇಪ್ಪತ್ತು ಕಿಲೋಮೀಟರ್ ದೂರದ, ಇನ್ನೂ ಎತ್ತರದ ಫ್ರೀಮಾಂಟ್ ಕಣಿವೆದಾರಿಯಲ್ಲಿ ಕ್ಲೈಮ್ಯಾಕ್ಸ್ ಎಂಬ ಗಣಿ ಇದೆ. ಉಕ್ಕನ್ನು ಗಟ್ಟಿ ಮಾಡುವ ಮಾಲಿಬ್ಡಿನಂ ಅಲ್ಲಿಯದು. ಮೊದಲ ಮಹಾಯುದ್ಧದ ಕಾಲಕ್ಕೆ ಶುರುವಾಗಿ, ಒಂದು ಕಾಲಕ್ಕೆ ಜಗತ್ತಿನ ಮಾಲಿಬ್ಡಿನಂನ ಬಹುಪಾಲನ್ನು ಅದೊಂದೇ ಗಣಿ ಕೊಡುತ್ತಿತ್ತು. ಅಲ್ಲಿ 1940ರಲ್ಲಿ ಹಾರ್ವರ್ಡಿನ ಯುವಕ ವಾಲ್ಟರ್ ಆರ್ ರಾಬರ್ಟ್ಸ್ ಸೂರ್ಯನ ಹೊರಪ್ರಭೆ ನೋಡುವ ಕೊರೊನಾಗ್ರಾಫ್ ಸ್ಥಾಪಿಸಿದರು. ಗ್ರಹಣವಿಲ್ಲದಾಗ ಆ ಪ್ರಭೆ ಕಾಣದಿರಲು ಕಾರಣ ಆಕಾಶದ ಬೆಳಕು. ಗಾಳಿಯೂ ದೂಳೂ ಬಿಸಿಲನ್ನು ಚೆದರಿಸಿ ಅದನ್ನು ಮುಳುಗಿಸುತ್ತವೆ. ಫ್ರಾನ್ಸಿನ ಬರ್ನಾರ್ಡ್ ಲಿಯೊ ಕಂಡುಹಿಡಿದ ಈ ಉಪಕರಣ ದೂರದರ್ಶಕದೊಳಗೇ ಸೂರ್ಯಬಿಂಬವನ್ನು ಮರೆಮಾಡುತ್ತದೆ, ಆದರೆ ಮೇಲಿನ ಗಾಳಿ ತೆಳುವಾಗಿದ್ದರೆ ಮಾತ್ರ ಪ್ರಯೋಜನ. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಕ್ಲೈಮ್ಯಾಕ್ಸಿನ ದಾಖಲೆಗಳು ಸೇನೆಗೆ ಬೇಕಾದವು. ಸೂರ್ಯನ ಚಟುವಟಿಕೆ ನೋಡಿ ರೇಡಿಯೊ ಸಂಪರ್ಕ ಯಾವಾಗ ಕೆಡಬಹುದೆಂದು ಅಂದಾಜಿಸುತ್ತಿದ್ದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ದೂರದರ್ಶಕವನ್ನು ಲಡಾಖಿನ ಹಾನ್ಲೆಯ 4,500 ಮೀಟರ್ ಎತ್ತರದಲ್ಲಿಟ್ಟು ಹೊಸಕೋಟೆಯಿಂದ ನಡೆಸುವುದರ ಹಿಂದೆಯೂ ಇರುವುದು ಗಾಳಿ ಆದಷ್ಟು ಕಡಿಮೆ ಇರಲಿ ಎಂಬ ಆಸೆಯೇ. ನೋಡುವವರು ಮಾತ್ರ ತಗ್ಗಿನಲ್ಲಿ ಕೂತಿದ್ದಾರೆ, ಬಾಡಿಗೆ ಇಲ್ಲದೆ.

1951ರಲ್ಲಿ ಶಿಕಾಗೊದ ಜಾನ್ ಸಿಂಪ್ಸನ್ ಕ್ಲೈಮ್ಯಾಕ್ಸಿನಲ್ಲಿ ನ್ಯೂಟ್ರಾನ್ ಎಣಿಸುವ ಯಂತ್ರ ಕೂರಿಸಿದರು. ಹೊರಗಿನಿಂದ ಬರುವ ವಿಶ್ವಕಿರಣ ವಾತಾವರಣಕ್ಕೆ ಬಡಿದಾಗ ಸಿಡಿಯುವ ಕಣಗಳು ಎತ್ತರದಲ್ಲಿ ಹೆಚ್ಚು ಸಿಗುತ್ತವೆ. ಅರ್ಧ ಶತಮಾನಕ್ಕೂ ಮೀರಿ ನಡೆದ ಆ ಎಣಿಕೆಯಲ್ಲಿ ಸೂರ್ಯನ ಹನ್ನೊಂದು ವರ್ಷದ ಏರಿಳಿತ ತಲೆಕೆಳಗಾಗಿ ಕಾಣುತ್ತದೆ: ಸೂರ್ಯ ಕೆರಳಿದಾಗ ಅದರ ಕಾಂತಕ್ಷೇತ್ರ ಹೊರಗಿನ ಕಿರಣಗಳನ್ನು ತಡೆದು ಎಣಿಕೆ ಇಳಿಯುತ್ತದೆ.

1980ರ ದಶಕದ ಆರಂಭದಲ್ಲಿ ಮಾಲಿಬ್ಡಿನಂ ಬೆಲೆ ಬಿತ್ತು. ಸಾವಿರಾರು ಕಾರ್ಮಿಕರಿಗೆ ಕೆಲಸ ಹೋಯಿತು. ಕೆಲಸ ಕಳೆದುಕೊಂಡ ಗಣಿಗಾರ ಕೆನ್ ಕ್ಲೌಬರ್ ಮತ್ತು ಜೊತೆಗಾರರು 1983ರಲ್ಲಿ ನೂರು ಮೈಲಿಯ ಓಟ ಶುರು ಮಾಡಿದರು. ಓಟಗಾರರು ರಾತ್ರಿ ಉಳಿಯಲೇಬೇಕಲ್ಲ, ಹೋಟೆಲು ತುಂಬುತ್ತದೆ. ಉಸಿರು ಕಟ್ಟುವುದನ್ನೇ ಮಾರುವ ವ್ಯಾಪಾರ, ಅದು ನಡೆಯಿತು ಕೂಡ. ಈಗ ಊರಿನ ಅನೇಕರು ದಿನವೂ ವೇಲ್ ಮುಂತಾದ ಸ್ಕೀ ತಾಣಗಳಿಗೆ ಕೆಲಸಕ್ಕೆ ಇಳಿದುಹೋಗುತ್ತಾರೆ. ಅಲ್ಲಿ ಮನೆ ಬಾಡಿಗೆ ತೆರಲಾಗದವರು ಇಲ್ಲಿ ಮಲಗುತ್ತಾರೆ. ಕ್ಲೈಮ್ಯಾಕ್ಸ್ 2012ರಲ್ಲಿ ಮತ್ತೆ ತೆರೆಯಿತು.

ಆ 1983ರಲ್ಲೇ ನೆಲವೂ ತನ್ನ ಲೆಕ್ಕ ಒಪ್ಪಿಸಿತು. ಹಳೆಯ ಗಣಿಗಳ ನೀರು ಬಸಿಯಲು ಕೊರೆದ ಯಾಕ್ ಸುರಂಗದಿಂದ ಕೆಂಪುಮಿಶ್ರಿತ ಹಳದಿ ನೀರು ಒಮ್ಮೆಲೇ ನುಗ್ಗಿ ಆರ್ಕನ್ಸಾ ನದಿಗೆ ಸೇರಿತು. ಕಬ್ಬಿಣದ ಸಲ್ಫೈಡ್ ನೆಲದಡಿ ಮುಚ್ಚಿರುವವರೆಗೆ ಸಾಧು. ಗಣಿ ತೋಡಿ ಗಾಳಿಯನ್ನೂ ನೀರನ್ನೂ ಒಳಬಿಟ್ಟರೆ ಗಂಧಕಾಮ್ಲ ಹುಟ್ಟುತ್ತದೆ, ಆ ಆಮ್ಲದಲ್ಲೇ ಬದುಕುವ ಬ್ಯಾಕ್ಟೀರಿಯಗಳು ಕೆಲಸವನ್ನು ಬಹಳ ಪಟ್ಟು ವೇಗಗೊಳಿಸುತ್ತವೆ, ಆಮ್ಲ ಸತು, ಕ್ಯಾಡ್ಮಿಯಂಗಳನ್ನು ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ. ಅದೇ ವರ್ಷ ಊರೂ ಕ್ಯಾಲಿಫೋರ್ನಿಯಾ ಗಲ್ಚೂ ಸೇರಿದ ಪ್ರದೇಶ ಸೂಪರ್‌ಫಂಡ್ ಪಟ್ಟಿಗೆ ಬಂತು, ಅಂದರೆ ಒಕ್ಕೂಟ ಸರ್ಕಾರ ತುರ್ತಾಗಿ ಶುಚಿ ಮಾಡಿಸಬೇಕಾದ ವಿಷಭೂಮಿಗಳ ಪಟ್ಟಿಗೆ.

ಅಂಗಳದ ಮಣ್ಣಿನಲ್ಲಿ ಸೀಸವಿತ್ತು. ಮಕ್ಕಳ ರಕ್ತದಲ್ಲಿ ಅದು ಎಷ್ಟು ಸೇರುತ್ತದೆ ಎಂಬುದು ಮಣ್ಣಿನಲ್ಲಿ ಸೀಸ ಎಷ್ಟಿದೆ ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ, ಯಾವ ರೂಪದಲ್ಲಿದೆ ಎಂಬುದೂ ಮುಖ್ಯ. ಸೀಸದ ಸಲ್ಫೈಡ್ ಜಠರದ ಆಮ್ಲಕ್ಕೆ ಅಷ್ಟಾಗಿ ಕರಗದೆ ಹೊರಬೀಳುತ್ತದೆ. ಕಾರ್ಬೊನೇಟ್ ಸುಲಭವಾಗಿ ಕರಗುತ್ತದೆ. ಕುಲುಮೆಗೆ ಯಾವ ಗುಣದಿಂದ ಅದು ವರವಾಯಿತೋ ಹೆಚ್ಚುಕಡಿಮೆ ಅದೇ ಗುಣದಿಂದ ಮಗುವಿನ ಹೊಟ್ಟೆಗೂ ಸಲೀಸು. ಈ ಸೂಕ್ಷ್ಮವನ್ನು ಅಳೆಯಲು ವಿಜ್ಞಾನಿಗಳು ಇಲ್ಲಿನ ಮಣ್ಣನ್ನು ಎಳೆಯ ಹಂದಿಗಳಿಗೆ ತಿನ್ನಿಸಿ ನೋಡಿದರು; ಅವುಗಳ ಜೀರ್ಣಾಂಗ ಮಕ್ಕಳದಕ್ಕೆ ಹತ್ತಿರ.

ಊರಿನ ಅನೇಕರಿಗೆ ಈ ಶುಚಿ ಕಾರ್ಯವೇ ಬೇಡವಾಗಿತ್ತು. ಗಣಿಯ ಮಣ್ಣುಗುಡ್ಡೆಗಳು ತಾತಂದಿರು ದುಡಿದ ಗುರುತು, ಅವನ್ನು ಸಪಾಟು ಮಾಡುವುದು ಊರನ್ನೇ ಒರೆಸಿದಂತೆ ಎಂಬ ವಾದ. ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಈ ಮಮತೆ ಪೂರ್ತಿ ಅರ್ಥವಾಗದಿರಬಹುದು, ಒಪ್ಪಬೇಕಾಗಿಯೂ ಇಲ್ಲ. ಕೊನೆಗೆ ಕೆಲವು ಗುಡ್ಡೆಗಳನ್ನು ಹಾಗೇ ಉಳಿಸಿ, ಕೆಲವನ್ನು ಮುಚ್ಚಿ, ಹಳೆಯ ರೈಲು ಹಾದಿಯ ಮೇಲೆ ನಡಿಗೆದಾರಿ ಮಾಡಿದರು. ನದಿ ಚೇತರಿಸಿಕೊಂಡಿತು. ಒಂದು ಕಾಲಕ್ಕೆ ಲೋಹದ ವಿಷದಿಂದ ಎರಡು ಮೂರು ವರ್ಷಕ್ಕೇ ಸಾಯುತ್ತಿದ್ದ ಟ್ರೌಟ್ ಮೀನು ಮತ್ತೆ ದೊಡ್ಡದಾಗಿ ಬೆಳೆದು, 2014ರಲ್ಲಿ ಲೆಡ್‌ವಿಲ್‌ನಿಂದ ಕೆಳಗಿನ ನೂರಕ್ಕೂ ಹೆಚ್ಚು ಮೈಲಿ ಹರಿವನ್ನು ರಾಜ್ಯ ಸರ್ಕಾರ ತನ್ನ ಅತ್ಯುತ್ತಮ ಮೀನುನೀರಿನ ಪಟ್ಟಿಗೆ ಸೇರಿಸಿತು.

ಸುರಂಗದ ನೀರು ಮಾತ್ರ ನಿಂತಿಲ್ಲ. ಊರಿನ ಪಕ್ಕ ಎರಡು ಶುದ್ಧೀಕರಣ ಘಟಕಗಳು 1992ರಿಂದ ನಡೆಯುತ್ತಿವೆ, ಯಾಕ್ ಸುರಂಗದ್ದೊಂದು, ಇನ್ನೊಂದು ಸುರಂಗದ್ದೊಂದು. ಕ್ಷಾರ ಬೆರೆಸಿ ಲೋಹವನ್ನು ಗಸಿಯಾಗಿ ಇಳಿಸುತ್ತಾರೆ, ತಿಳಿನೀರು ಬಿಡುತ್ತಾರೆ, ಗಸಿಯನ್ನು ಒತ್ತಿ ಸಾಗಿಸುತ್ತಾರೆ. ಒಳಗೆ ಸಲ್ಫೈಡ್ ಇರುವಷ್ಟು ದಿನ ಇದು ನಡೆಯಬೇಕು. ಮುಚ್ಚುವ ತಾರೀಖು ಯಾರೂ ಹಾಕಿಲ್ಲ.